ಒಡೆದ ಗಾಜಿಗೆ ರಿಜಿಸ್ಟರ್ ಇಲ್ಲ

ಗಣಿ ಇಲಾಖೆಯ ಮಾನ್ಯ ನಿರ್ದೇಶಕರೇ,

ಗುಡ್ಡ ಜಾರುತ್ತಿದೆ. ಮೊದಲು ವಿಷಯ, ಆಮೇಲೆ ಉಲ್ಲೇಖ, ಕೊನೆಗೆ ಅರಿಕೆ ಎಂಬ ಕ್ರಮ ನನಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಕೈ ಸವೆಸಿಕೊಂಡಿದ್ದೇನೆ. ಆದರೆ ಮಳೆಗೆ ಇನ್ನು ಮೂರು ವಾರವೂ ಇಲ್ಲ. ಆ ಗುಡ್ಡದ ಬುಡದ ಓಣಿಯಲ್ಲಿ ಮೂವತ್ತೆಂಟು ಮನೆಗಳಿವೆ. ಅದರಲ್ಲೊಂದು ನನ್ನ ತಂಗಿಯ ಮನೆ. ಆ ಓಣಿ ವಾಸಕ್ಕೆ ಸುರಕ್ಷಿತ ಎಂದು ಸಹಿ ಮಾಡಿದ ಹಿರಿಯ ಭೂವಿಜ್ಞಾನಿ ನಾನೇ. ತಮ್ಮ ಕಚೇರಿಗೆ ಬರೆದ ನಾಲ್ಕು ಪತ್ರಗಳಿಗೆ ಉತ್ತರ ಬಾರದೆ, ಐದನೆಯದನ್ನು ಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ.

ಪತ್ರಿಕೆ ಓದುವವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು, ತಾವು ಮನ್ನಿಸಬೇಕು. ಈ ಗುಡ್ಡ ಯಾರಪ್ಪನ ಆಸ್ತಿಯೂ ಅಲ್ಲ, ಸಾರ್ವಜನಿಕ ಭೂಮಿ. ಅದರ ಆಚೆ ಮಗ್ಗುಲಲ್ಲಿ ಗುತ್ತಿಗೆದಾರರು ಅದಿರು ತೆಗೆಯುತ್ತಾರೆ. ಅದಿರು ಲಾರಿ ಹತ್ತಿ ಆಚೆಗೆ ಹೋಗುತ್ತದೆ, ಕೆಲಸಕ್ಕೆ ಬಾರದ ಮಣ್ಣು ಈಚೆ ಮಗ್ಗುಲಿಗೆ, ಓಣಿಯ ನೆತ್ತಿಯ ಮೇಲೆ ಬಂದು ಬೀಳುತ್ತದೆ. ಆ ಮಣ್ಣಿನ ರಾಶಿಯ ಕೆಳಗೊಂದು ಬಂಡೆ, ಬಂಡೆಯಲ್ಲೊಂದು ಬಿರುಕು. ಬಿರುಕಿಗೆ ಅಡ್ಡಲಾಗಿ ಅಂಗೈ ಉದ್ದದ ಕಿಟಕಿ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತುತ್ತೇವೆ. ಇಂಥವು ಆರು. ಬಂಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಚಟ್ಟನೆ ಒಡೆಯುತ್ತದೆ. ದುಬಾರಿ ಯಂತ್ರಗಳು ಬಂದಿವೆ, ನಿಜ. ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಗಾಜಿಗಾದರೋ ವರ್ಗಾವಣೆಯ ಭಯವಿಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ.

ಸುಳ್ಳು ಹೇಳಿದವನು ನಾನು. ಹೇಳುತ್ತಿದ್ದೇನೆಂದು ಗೊತ್ತಿಲ್ಲದೆಯೇ ಹೇಳಿದೆ, ಅದೂ ಸಹಿ ಸಮೇತ. ತಿಂಗಳ ಮೊದಲ ಸೋಮವಾರ ನಾನು ಗುಡ್ಡ ಹತ್ತಿ ತಪಾಸಣೆ ಮಾಡಿ ನಮೂನೆ ತುಂಬಬೇಕು. ನಮೂನೆಯಲ್ಲಿ ಒಂದೇ ಒಂದು ಕಾಲಂ: ತಪಾಸಣೆಯ ದಿನ ಗಾಜಿನ ಸ್ಥಿತಿ. ಹನ್ನೊಂದು ತಿಂಗಳು ನಾನು ಹೋದಾಗಲೆಲ್ಲ ಆರೂ ಗಾಜುಗಳು ಮದುಮಕ್ಕಳ ಹಾಗೆ ಥಳಥಳ ಹೊಳೆಯುತ್ತಿದ್ದವು. ಹನ್ನೊಂದು ಸಲ "ಸರಿಯಿದೆ" ಎಂದು ಬರೆದೆ. ಹೊಳೆಯುವುದೇಕೆ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ದೂಳು ಮುಸುಕಿದ ಗುಡ್ಡದ ಮೇಲೆ ವರ್ಷವಿಡೀ ಬಿದ್ದಿರುವ ಗಾಜು ಹಾಗೆ ಹೊಳೆಯುವುದುಂಟೇ?

ಹೊಳೆಯುವ ಹಾಗೆ ಮಾಡಿದ್ದು ನಮ್ಮ ನಿಯಮ ಏಳು. "ಒಡೆದ ಗಾಜನ್ನು ಅದೇ ದಿನ ತೆಗೆದು, ಬಿರುಕಿನ ಬಾಯಿಗೆ ಸಿಮೆಂಟ್ ತುಂಬಿ, ಹೊಸ ಗಾಜು ಕೂರಿಸತಕ್ಕದ್ದು." ಹದಿನಾಲ್ಕು ವರ್ಷದ ಹಿಂದೆ ಈ ನಿಯಮವನ್ನು ಬರೆದವನೂ ನಾನೇ. ಒಡೆದ ಗಾಜು ವಾರಗಟ್ಟಲೆ ಹಾಗೇ ಬಿದ್ದಿದ್ದರೆ ಮುಂದಿನ ಅಲುಗಾಟ ತಿಳಿಯುವುದು ಹೇಗೆ, ಬಿರುಕಿಗೆ ನೀರು ಇಳಿದರೆ ಗತಿಯೇನು ಎಂದು ಯೋಚಿಸಿ, ಬಹಳ ಬುದ್ಧಿವಂತನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಬರೆದಿದ್ದೆ. ಎಷ್ಟು ಗಾಜು ಒಡೆಯಿತು ಎಂದು ಬರೆದಿಡಬೇಕೆಂಬ ಒಂದೇ ಒಂದು ಸಾಲು ಬರೆಯಲು ಮರೆತೆ. ನನ್ನ ನಂತರ ಆ ನಿಯಮ ಓದಿದ ಯಾರಿಗೂ ಅದು ನೆನಪಾಗಲಿಲ್ಲ. ತಮಗೂ ಕೂಡ.

ಇದೆಲ್ಲ ಬಯಲಾದದ್ದು ನಮ್ಮ ಅಟೆಂಡರ್ ನಿವೃತ್ತರಾದ ದಿನ. ಕಚೇರಿಯಲ್ಲಿ ಎಲ್ಲರೂ ಅವರನ್ನು ಗಾಜಿನ ತಾತ ಎಂದೇ ಕರೆಯುತ್ತಿದ್ದುದು. ಚಾರ್ಜ್ ಒಪ್ಪಿಸುವ ದಿನ ಸರ್ಕಾರದ್ದೆಂಬ ಒಂದು ಗುಂಡುಸೂಜಿಯನ್ನೂ ಮನೆಯಲ್ಲಿಟ್ಟುಕೊಳ್ಳಬಾರದೆಂಬ ಹಳೆ ಕಾಲದ ಮನುಷ್ಯ. ಒಂದು ತಗಡಿನ ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದು ಉಗ್ರಾಣದ ಗುಮಾಸ್ತರ ಮುಂದೆ ಇಳಿಸಿದರು. ಗುಮಾಸ್ತರು ಮುಚ್ಚಳ ತೆಗೆದು ನೋಡಿ, "ಇದೇನ್ ತಾತ, ಒಡೆದ ಗಾಜಿಗೆ ನಮ್ಮಲ್ಲಿ ರಿಜಿಸ್ಟರೇ ಇಲ್ಲ. ತಗೊಂಡು ಹೋಗಿ" ಎಂದರು. ತಾತ ಟ್ರಂಕನ್ನು ನನ್ನ ಕೋಣೆಗೆ ತಂದರು.

"ಸಾರ್, ಇದು ಸರ್ಕಾರದ ಮಾಲು. ಯಾರಿಗೆ ಕೊಡ್ಲಿ?"

"ಇಷ್ಟೊಂದು ಎಲ್ಲಿಂದ ಬಂತು ತಾತ?"

"ಗುಡ್ಡದ ಮೇಲಿಂದಾನೇ. ಅಲ್ಲೇ ಬಿಸಾಕಿದ್ರೆ ಓಣಿ ಮಕ್ಕಳ ಕಾಲಿಗೆ ಚುಚ್ಚುತ್ತೆ. ಅದಕ್ಕೆ ಪೇಪರಲ್ಲಿ ಸುತ್ತಿ ಸುತ್ತಿ ಇಟ್ಟೆ. ನೀವು ಬರೋ ಹಿಂದಿನ ದಿನ ಎಲ್ಲಾ ಹೊಸದಾಗಿ ಕೂರ್ಸಿ ಒರೆಸಿಡ್ತಿದ್ದೆ. ದೊಡ್ಡೋರು ಬರೋವಾಗ ಒಡೆದಿದ್ದು ಇರಬಾರ್ದಲ್ವಾ?"

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್. ಹಾಕು ಅಂತ ಬರ್ದಿದ್ರಿ, ಹಾಕ್ದೆ."

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇಡೀ ಇಲಾಖೆಯಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿದವರು ಅವರೊಬ್ಬರೇ.

ಟ್ರಂಕಿನಲ್ಲಿ ಐವತ್ತೆಂಟು ಪೊಟ್ಟಣಗಳಿದ್ದವು. ತಾತ ಗುಡ್ಡದ ಮೇಲೆ ಕೂತು ಓದಲೆಂದು ಅವತ್ತವತ್ತಿನ ಪೇಪರ್ ಒಯ್ಯುತ್ತಿದ್ದರು, ಗಾಜು ಒಡೆದಿದ್ದರೆ ಅದರಲ್ಲೇ ಸುತ್ತುತ್ತಿದ್ದರು. ಹಾಗಾಗಿ ಪ್ರತಿ ಪೊಟ್ಟಣದ ಮೇಲೂ ತಾರೀಖು ಅಚ್ಚಾಗಿತ್ತು. ಬಾಗಿಲು ಹಾಕಿಕೊಂಡು, ನೆಲದ ಮೇಲೆ ತಾರೀಖಿನ ಪ್ರಕಾರ ಜೋಡಿಸುತ್ತ ಹೋದೆ. ಮೊದಮೊದಲು ತಿಂಗಳಿಗೊಂದು. ಆಮೇಲೆ ವಾರಕ್ಕೊಂದು. ಆಮೇಲೆ ವಾರಕ್ಕೆರಡು. ಕೊನೆಯ ತಿಂಗಳು ದಿನ ಬಿಟ್ಟು ದಿನ. ಕೊನೆಯ ಸಾಲು ಮೇಜಿನ ಕೆಳಗೆ ಹೋಗಿ ಗೋಡೆಗೆ ಮುಟ್ಟಿತು. ಭಯವಾಯಿತು ಎಂದು ಸರ್ಕಾರಿ ಕಾಗದದಲ್ಲಿ ಬರೆಯುವ ಹಾಗಿಲ್ಲ, ಇಲ್ಲಿ ಬರೆಯುತ್ತೇನೆ: ಭಯವಾಯಿತು.

ಒಂದು ಪೊಟ್ಟಣದಲ್ಲಿ ತಾವೂ ಇದ್ದಿರಿ. ಸುರಕ್ಷತಾ ಸಪ್ತಾಹದಲ್ಲಿ ಇದೇ ಗಣಿಗೆ ಪ್ರಶಸ್ತಿ ಫಲಕ ಕೊಡುತ್ತಿರುವ ತಮ್ಮ ಭಾವಚಿತ್ರ, ಮೂರು ಕಾಲಂ ಅಗಲ. "ಒಂದು ವರ್ಷದಿಂದ ಈ ಗುಡ್ಡದಲ್ಲಿ ಒಂದು ಗಾಜೂ ಒಡೆದಿಲ್ಲ" ಎಂಬ ತಮ್ಮ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಬಿಡಿಸಿದರೆ ಒಳಗೆ ನಾಲ್ಕನೆಯ ನಂಬರಿನ ಗಾಜು, ಮೂರು ಚೂರಾಗಿ.

ಮುಂದಿನ ತಪಾಸಣೆಗೆ ನಾನು ಹೇಳದೆ ಕೇಳದೆ ಹೋದೆ. ಆರರಲ್ಲಿ ಐದು ಒಡೆದಿದ್ದವು. ಮೊದಲ ಬಾರಿಗೆ ಕಾಲಂನಲ್ಲಿ "ಒಡೆದಿದೆ" ಎಂದು ಬರೆದು, ಕೂಡಲೇ ಮಣ್ಣು ಸುರಿಯುವುದನ್ನು ನಿಲ್ಲಿಸಿ ಓಣಿ ಖಾಲಿ ಮಾಡಿಸಬೇಕೆಂದು ಶಿಫಾರಸು ಮಾಡಿ ಕಳಿಸಿದೆ. ವರದಿ ನಾಲ್ಕೇ ದಿನಕ್ಕೆ ವಾಪಸ್ಸು ಬಂತು. ಅಷ್ಟು ಚುರುಕಾಗಿ ತಮ್ಮ ಕಚೇರಿಯಿಂದ ಯಾವ ಕಾಗದವೂ ಬಂದದ್ದನ್ನು ನಾನು ಕಂಡಿಲ್ಲ. "ನಿಯಮ ಏಳರ ಪ್ರಕಾರ ಗಾಜು ಬದಲಿಸಿ, ನಂತರದ ಸ್ಥಿತಿಯನ್ನು ನಮೂದಿಸಿ ಮರುಸಲ್ಲಿಸತಕ್ಕದ್ದು." ಟ್ರಂಕ್ ಹೊತ್ತುಕೊಂಡು ತಮ್ಮಲ್ಲಿಗೇ ಬಂದೆ. ಎರಡು ಗಂಟೆ ಕಾದ ಮೇಲೆ ಒಳಗೆ ಬಿಟ್ಟರು. ತಾವು ಪೊಟ್ಟಣಗಳನ್ನು ಮುಟ್ಟಲಿಲ್ಲ, ಕೈಗೆ ಚುಚ್ಚೀತೆಂದೋ ಏನೋ.

"ಏನ್ರೀ ಇದು, ಗುಜರಿ ಅಂಗಡಿ ಇಟ್ಟಿದ್ದೀರಾ?" ಎಂದಿರಿ. ನಾನು ತಾರೀಖುಗಳನ್ನು ಓದಿ ಹೇಳಿದೆ. ತಾವು ಕನ್ನಡಕ ತೆಗೆದು ಒರೆಸಿಕೊಂಡು, "ಗುಡ್ಡ ಅಂದ್ಮೇಲೆ ಸ್ವಲ್ಪ ಆಚೆ ಈಚೆ ಆಗುತ್ತೆ. ಹನ್ನೊಂದು ತಿಂಗಳು ನಿಮ್ಮ ಸಹಿಯಲ್ಲೇ ಸರಿಯಿದ್ದ ಗುಡ್ಡ ಈ ತಿಂಗಳು ಯಾಕ್ರೀ ಕೆಟ್ಟೋಯ್ತು? ಆಗ ಬರ್ದಿದ್ದು ಸುಳ್ಳೋ, ಈಗ ಬರ್ದಿದ್ದು ಸುಳ್ಳೋ?" ಎಂದು ಕೇಳಿದಿರಿ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಇಲ್ಲಿ ಎಲ್ಲರ ಮುಂದೆ ಕೊಡುತ್ತಿದ್ದೇನೆ: ಆಗ ಬರೆದದ್ದು ಸುಳ್ಳು. ಅವತ್ತೂ ಇದನ್ನೇ ಹೇಳಿದೆ. ಅದಕ್ಕೆ ಬಂದದ್ದು ಗಾಜು ಬದಲಿಸದ ಕರ್ತವ್ಯಲೋಪಕ್ಕೆ ನೋಟಿಸು, ಅದರ ಬೆನ್ನಿಗೇ ಹಳೆ ಕಡತಗಳ ಶಾಖೆಗೆ ವರ್ಗ. ನನ್ನ ಜಾಗಕ್ಕೆ ಬಂದ ಅಧಿಕಾರಿ ಮಾರನೆಯ ದಿನವೇ ಆರೂ ಗಾಜು ಬದಲಾಯಿಸಿದ್ದಾರೆ. ಈಗ ಕಾಗದದ ಮೇಲೆ ಎಲ್ಲವೂ ಸರಿಯಿದೆ, ಮಣ್ಣು ಸುರಿಯುವ ಲಾರಿಗಳೂ ಸರಿಯಾಗಿ ಓಡಾಡುತ್ತಿವೆ.

ಗಾಜಿನ ಮಾತು ಬೇಡವೆಂದರೆ ಬಾಗಿಲುಗಳ ಮಾತು ಕೇಳಿ. ಓಣಿಯ ತುದಿಯಲ್ಲಿ ಒಬ್ಬ ಬಡಗಿ ಇದ್ದಾನೆ. ಈ ಬೇಸಿಗೆ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮನೆ ಮನೆಯಿಂದಲೂ ಒಂದೇ ಕರೆ, ಬಾಗಿಲು ಹಿಡಿಯುತ್ತಿದೆ, ಬಂದು ಕೀಸಿಕೊಡು ಎಂದು. ಅವನು ನನ್ನನ್ನು ಕಂಡು ಕೆಲಸ ನಿಲ್ಲಿಸಿದ.

"ಮಳೇಲಿ ಮರ ಉಬ್ಬುತ್ತೆ ಸಾರ್, ಅದು ಸರಿ. ಈ ಸುಡು ಬಿಸಿಲಲ್ಲಿ ಉಬ್ಬೋ ಮರ ನಾನೆಲ್ಲೂ ನೋಡಿಲ್ಲ. ನಿಮ್ ತಂಗಿ ಮನೇದೇ ನಾಲ್ಕು ಸಲ ಕೀಸಿದ್ದೀನಿ. ನಿನ್ನೆ ತೂಗುಗುಂಡು ಬಿಟ್ಟು ನೋಡ್ದೆ. ತಪ್ಪು ಬಾಗಿಲದ್ದಲ್ಲ, ಚೌಕಟ್ಟೇ ವಾಲಿದೆ."

"ಎಷ್ಟು ಮನೇಲಿ ಹೀಗಾಗಿದೆ?"

"ಮೇಲಿನ ಸಾಲಲ್ಲಿ ಬಿಟ್ಟಿದ್ದು ಯಾವ್ದೂ ಇಲ್ಲ. ಇಷ್ಟು ದಿನ ಹಾಕಕ್ಕೆ ಬರ್ತಿರ್ಲಿಲ್ಲ ಅಂತ ಕರೀತಿದ್ರು. ಈ ವಾರ ಎರಡು ಮನೇಲಿ ತೆಗೆಯಕ್ಕೇ ಬರ್ತಿಲ್ಲ ಅಂತ ಕರೆದ್ರು. ಒಳಗಿದ್ದೋರನ್ನ ಕಿಟಕಿಯಿಂದ ಇಳಿಸ್ದೆ."

ನನ್ನ ತಂಗಿ ಬಟ್ಟೆ ಹೊಲಿಯುವವಳು. ಆರು ವರ್ಷದ ಹಿಂದೆ ಈ ಮನೆ ನೋಡಲು ಬಂದಾಗ ಗುಡ್ಡ ತೋರಿಸಿ, "ಅಣ್ಣಾ, ಮೇಲಿಂದ ಏನೂ ಬರಲ್ಲ ತಾನೆ?" ಎಂದು ಕೇಳಿದ್ದಳು. ನಾನು ನಕ್ಕು ಅವಳ ತಲೆಗೊಂದು ಮೊಟಕಿದ್ದೆ. ಈಗ ಹೋಗಿ, ಹೊಲಿಗೆ ಯಂತ್ರ ನಾನೇ ಹೊರುತ್ತೇನೆ, ಎದ್ದು ನಡಿ ಎಂದೆ. ಅವಳು ನನ್ನನ್ನು ಓಣಿಯ ಸೂಚನಾ ಫಲಕದ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅಲ್ಲಿ ಗಾಜಿನ ಹಿಂದೆ, ನನ್ನ "ಸರಿಯಿದೆ"ಗಳನ್ನೇ ನಂಬಿ ಈ ವರ್ಷ ನವೀಕರಿಸಿದ, ಓಣಿ ಸುರಕ್ಷಿತವೆಂಬ ಆ ಪ್ರಮಾಣಪತ್ರ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ತಮ್ಮ ಕಚೇರಿಯ ಮುದ್ರೆ.

"ನಾನೊಬ್ಳೇ ಗಂಟು ಕಟ್ಕೊಂಡು ಹೋದ್ರೆ, ಅಣ್ಣ ಆಫೀಸರ್ ಅಂತ ತಂಗೀನ ಬಚಾವ್ ಮಾಡ್ದ ಅಂತಾರೆ. ಉಳಿದೋರು ಎಲ್ಲಿಗೆ ಹೋಗ್ಬೇಕು? ಎಲ್ರೂ ಇದನ್ನ ನೋಡ್ಕೊಂಡೇ ಇಲ್ಲಿರೋದು. ಇದು ತಪ್ಪು ಅಂತ ಇದೇ ಥರ ಸೀಲ್ ಹಾಕಿರೋ ಇನ್ನೊಂದು ಕಾಗದ ತಂದು ಅಂಟ್ಸು. ಅವತ್ತೇ ಎಲ್ರೂ ಹೊರಡ್ತೀವಿ."

ನಾನು ಫಲಕದ ಗಾಜು ಸರಿಸಿ ಆ ಕಾಗದ ಹರಿಯಲು ಕೈ ಹಾಕಿದೆ. ಬಡಗಿ ಓಡಿ ಬಂದು ಕೈ ಹಿಡಿದುಕೊಂಡ. "ಬೇಡಿ ಸಾರ್, ಸರ್ಕಾರಿ ಕಾಗದ. ಹರಿಯೋ ಹಾಗಿಲ್ಲ," ಎಂದ. ಸರ್ಕಾರದ ಮೇಲೆ ಇಷ್ಟು ನಂಬಿಕೆ ಇಟ್ಟವರು ಇನ್ನೂ ಇದ್ದಾರೆ ಎಂದು ತಾವು ಹೆಮ್ಮೆಪಡಬಹುದು. ನನಗೆ ಅಲ್ಲೇ ಅಳು ಬಂತು.

ಆದ್ದರಿಂದ, ಮಾನ್ಯರೇ, ನಾನು ತಮ್ಮಲ್ಲಿ ವಿಚಾರಣಾ ಸಮಿತಿ ಕೇಳುತ್ತಿಲ್ಲ. ವರ್ಗಾವಣೆ ರದ್ದತಿಯನ್ನೂ ಕೇಳುತ್ತಿಲ್ಲ. ಸುಳ್ಳು ಪ್ರಮಾಣಪತ್ರ ಕೊಟ್ಟ ತಪ್ಪಿಗೆ ನನ್ನನ್ನು ಮನೆಗೆ ಕಳಿಸಿದರೂ ಚಕಾರ ಎತ್ತುವುದಿಲ್ಲ, ಆ ಆದೇಶದಲ್ಲಾದರೂ ಪ್ರಮಾಣಪತ್ರ ಸುಳ್ಳೆಂದು ಬರೆಯಬೇಕಾಗುತ್ತದಲ್ಲ. ಮಣ್ಣು ಸುರಿಯುವುದನ್ನು ಇಂದೇ ನಿಲ್ಲಿಸಿ. ಮಳೆ ಹಿಡಿಯುವ ಮೊದಲು, ನನ್ನ ಸಹಿ ರದ್ದಾಗಿದೆ ಎಂಬ ಒಂದು ಹಾಳೆಗೆ ತಮ್ಮ ಮುದ್ರೆ ಒತ್ತಿ ಕೊಡಿ. ಅಂಟು ಹಚ್ಚುವ ಕೆಲಸ ನನಗಿರಲಿ. ಜಾರಲು ಹೊರಟ ಗುಡ್ಡವನ್ನು ಹಿಡಿದು ನಿಲ್ಲಿಸಲು ತಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಒಂದು ಹಾಳೆ ತಮ್ಮಿಂದ ಆಗುತ್ತದೆ.

ನಿನ್ನೆ ಮಧ್ಯಾಹ್ನ ಮತ್ತೆ ಹೋಗಿದ್ದೆ. ಐದನೆಯ ಸಲ ಕೀಸುವುದು ಬೇಡವೆಂದು ಬಡಗಿ ನನ್ನ ತಂಗಿಯ ಮನೆಯ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದ್ದಾನೆ. ಅವಳು ಹೊಸ್ತಿಲಿಗೆ ಒಂದು ಸೀರೆ ಇಳಿಬಿಟ್ಟು, ಗುಡ್ಡಕ್ಕೆ ಬೆನ್ನು ಹಾಕಿ ಕೂತು, ಯಾರದೋ ರವಿಕೆ ಹೊಲಿಯುತ್ತಿದ್ದಳು. ತಲೆ ಎತ್ತಿ, "ಕಾಗದ ತಂದ್ಯಾ ಅಣ್ಣಾ?" ಎಂದಳು.

ಇಂತಿ,
ಯಾರೂ ನಂಬಬಾರದೆಂದು ತಾನೇ ಅಂಗಲಾಚುತ್ತಿರುವ ಸಹಿಯ ಒಡೆಯ,
ಹಿರಿಯ ಭೂವಿಜ್ಞಾನಿ,
ಸದ್ಯ ಹಳೆ ಕಡತಗಳ ಶಾಖೆ