ಐಸಿಯುನಲ್ಲಿರುವ ಸ್ಕೂಟರು

ಗ್ಯಾರೇಜಿನ ಮಹಡಿ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟೀ,

ಹೇಗಿದ್ದೀಯ ಮಗಳೇ? ಕೆಮ್ಮು ಬಿಡ್ತಾ? ಅಳಿಯಂದಿರ ಬೆನ್ನುನೋವು ಹೇಗಿದೆ? ನಾನು ಇದ್ದೀನಿ. ನಿದ್ದೆಯೇನೋ ಬರುತ್ತೆ, ದಣಿವು ಮಾತ್ರ ಹೋಗಲ್ಲ.

ನಿನ್ನ ಅಣ್ಣನ ಗ್ಯಾರೇಜು ಈಗ ಪೂರಾ ಆಸ್ಪತ್ರೆ. ನಿಮ್ಮಮ್ಮನ ಜೊತೆ ಆಸ್ಪತ್ರೆಗೆ ಅಲೆದ ಆ ವರ್ಷ ನಾವು ಹೊತ್ತು ತಂದ ಮಾತುಗಳು ಇಲ್ಲೇ ಬೀಡುಬಿಟ್ಟಿವೆ. ಬಾಗಿಲ ಹತ್ತಿರ ಪಂಕ್ಚರು, ಬ್ರೇಕು ನೋಡೋ ಜಾಗ ಓಪಿಡಿ. ಔಟ್ ಪೇಷೆಂಟ್ ಅನ್ನೋದು ಸರಿ, ಕೊನೆಯ ಡಿ ಡಿಪಾರ್ಟ್‌ಮೆಂಟೋ ಡಿವಿಷನ್ನೋ, ಕಾಲೇಜಲ್ಲಿ ಕಲಿತ ಇಂಗ್ಲಿಷೆಲ್ಲ ಈಗ ಅರ್ಧಂಬರ್ಧ. ಇಂಜಿನ್ ಬಿಚ್ಚಿದರೆ ಓಟಿ. ಬಿಡಿಭಾಗ ಸಿಗದೆ ಹಿಂದಿನ ಗೋಡೆಗೆ ಒರಗಿದ್ದು ಐಸಿಯು. ಮೊನ್ನೆ ಮೆಕ್ಯಾನಿಕ್ಕು ಒಬ್ಬ ಗಿರಾಕಿಗೆ, "ಯಜಮಾನ್ರೇ, ಕೂಗಾಡಿ ಬಿಪಿ ಏರಿಸ್ಕೋಬೇಡಿ, ನಿಮ್ಮ ಗಾಡಿ ಸಂಜೆ ಡಿಸ್ಚಾರ್ಜು" ಅಂದ. ನಿನ್ನ ಅತ್ತಿಗೆಯೂ ಅಷ್ಟೇ, ಮಿಕ್ಸಿ ಕೆಟ್ಟರೆ "ಐಸಿಯು ಸೇರ್ತು ಮಾವ" ಅಂತಾಳೆ. ಮೊದಮೊದಲು ಆ ಮಾತು ಕಿವಿಗೆ ಬಿದ್ದರೆ ಎದ್ದು ಹೋಗುತ್ತಿದ್ದೆ. ಈಗ ನನ್ನ ಬಾಯಲ್ಲೂ ಅದೇ. ದಿನಾ ಆಡಿ ಆಡಿ ಅದರ ಮೊನೆ ಸವೆದಿದೆ.

ಯಾವ ಗಾಡಿ ಯಾವ ಸ್ಥಿತಿಯಲ್ಲಿದೆ ಅಂತ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯೋ ಕೆಲಸ ನನ್ನದು. ನಿಮ್ಮಮ್ಮನ ಸ್ಕೂಟರು ಐಸಿಯುನಲ್ಲೇ ಇದೆ. ಅದರ ಇಂಜಿನ್ನಿನ ಭಾಗ ಈಗ ಯಾರೂ ಮಾಡಲ್ಲವಂತೆ. ಐಸಿಯುನಲ್ಲಿದ್ದ ಗಾಡಿಯ ಮೇಲೆ ಬರಹ ಅಳಿಸಿ ಹೋದರೆ ಗುಜರಿಗೆ ಅಂತ ಇಲ್ಲಿನ ಲೆಕ್ಕ. ಅದಕ್ಕೇ ಪ್ರತಿ ಸೋಮವಾರ ಅದರ ಮೇಲೆ "ಅಬ್ಸರ್ವೇಶನ್" ಅಂತ ಹೊಸದಾಗಿ ತಿದ್ದುತ್ತೀನಿ. ಅಣ್ಣ ನೋಡಿಯೂ ನೋಡದ ಹಾಗೆ ಹೋಗ್ತಾನೆ, ಪಾಪ. ಆಸ್ಪತ್ರೆಯಲ್ಲಿ ನನ್ನನ್ನು ಗಾಜಿನ ಈಚೆಗೇ ನಿಲ್ಲಿಸಿದ್ದರಲ್ಲ. ಇಲ್ಲಿ ಯಾರೂ ತಡೆಯಲ್ಲ. ಊಟ ಆದಮೇಲೆ ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು ಕೂತಿರ್ತೀನಿ.

ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ದಾರಿ ನೋಡುವ,
ಅಪ್ಪ

ಬರೆಯೋದು ಮರೆತಿದ್ದೆ: ಹಿಂದಿನ ಗೋಡೆ ಒಡೆಸಿ ಅಣ್ಣ ಜಾಗ ದೊಡ್ಡದು ಮಾಡಿಸ್ತಾನೆ. ತಿಂಗಳ ಕೊನೆಗೆ ಗುಜರಿಯವನು ಬರ್ತಾನೆ. ಸ್ಕೂಟರಿನ ಮಾತು ಬಂದಾಗ "ನೀವು ಹೇಳಿದ ಹಾಗೆ ಅಪ್ಪ" ಅಂತ ನನ್ನ ಮೇಲೇ ಬಿಟ್ಟುಬಿಟ್ಟ. ಅವತ್ತು ಡಾಕ್ಟರು ಮೆಷಿನ್ ತೆಗೆಯೋಣವಾ ಅಂತ ಕೇಳಿದಾಗಲೂ ನನಗೆ ಬಾಯಿ ಬರಲಿಲ್ಲ, ಸಾಕು ಅಂದವಳು ನೀನು. ಈ ಸಲವೂ ನೀನೇ ಬಂದು ಹೇಳಮ್ಮ. ಅಲ್ಲಿವರೆಗೆ ಸೀಮೆಸುಣ್ಣದ ಬರಹ ಅಳಿಸಿ ಹೋಗದ ಹಾಗೆ ನೋಡ್ಕೋತೀನಿ.