ಮೂರು ದಿನ ಬಿಟ್ಟು ಬನ್ನಿ ಎಂದವರಿಗೆ

ವ್ಯಸನಮುಕ್ತಿ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಒಂದು ನಿಯಮ ನನ್ನ ತಂಗಿಯನ್ನು ಕೊಲ್ಲುವುದರಲ್ಲಿತ್ತು. ಅದೇ ನಿಯಮಕ್ಕೆ ಅವಳನ್ನು ಇನ್ನೊಮ್ಮೆ ಒಪ್ಪಿಸುವ ಧೈರ್ಯ ನನಗಿಲ್ಲ. ಅದಕ್ಕೇ ಈ ಪತ್ರವನ್ನು ತಮ್ಮ ಟಪಾಲಿಗೆ ಹಾಕದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ತಂಗಿ ಕೇಶಾಲಂಕಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳ ಕೈಯೇ ಬೇಕೆಂದು ಗಿರಾಕಿಗಳು ಕಾದು ಕೂರುತ್ತಿದ್ದರು. ವಾರಕ್ಕೊಮ್ಮೆ ಗೆಳತಿಯರೊಡನೆ ಡ್ಯಾನ್ಸ್ ಕ್ಲಬ್ಬಿಗೆ ಹೋಗುತ್ತಿದ್ದಳು. ಅಲ್ಲಿ ಯಾರೋ ಜಿಎಚ್‌ಬಿ ಎಂಬ ಮತ್ತಿನ ದ್ರವದ ರುಚಿ ಹತ್ತಿಸಿದರು. ಬಣ್ಣವಿಲ್ಲ, ವಾಸನೆಯಿಲ್ಲ, ಬಾಯಿಗೆ ತುಸು ಉಪ್ಪು. "ಸ್ವಲ್ಪವೇ ಅಕ್ಕ. ಮೈಯೆಲ್ಲ ಹಗುರ ಆಗತ್ತೆ, ಬೆಳಿಗ್ಗೆ ತಲೆನೋವೂ ಇರಲ್ಲ" ಎಂದಿದ್ದಳು. ವರ್ಷ ತುಂಬುವುದರೊಳಗೆ ವಾರಕ್ಕೊಮ್ಮೆ ಹೋಗಿ ಎರಡು ಗಂಟೆಗೊಮ್ಮೆ ಆಯಿತು. ಗಿರಾಕಿಯ ಕೂದಲಿಗೆ ಬಣ್ಣ ಹಚ್ಚಿ, ಅದು ಒಣಗುವಷ್ಟರಲ್ಲಿ ಹಿಂದಿನ ಕೋಣೆಗೆ ಹೋಗಿ ಕುಡಿದು ಬರುತ್ತಿದ್ದಳು. ಒಂದು ದಿನ ಅಳತೆ ತಪ್ಪಿ, ಕತ್ತರಿ ಕೈಯಲ್ಲಿದ್ದಂತೆಯೇ ನೆಲಕ್ಕೆ ಕುಸಿದಳು. ಎಚ್ಚರವಾದ ಮೇಲೆ ನನ್ನ ಕೈ ಹಿಡಿದು, "ಸಾಕಾಯ್ತು ಅಕ್ಕ, ಬಿಟ್ಬಿಡ್ತೀನಿ" ಎಂದಳು. ಯಾರ ಬಲವಂತವೂ ಇರಲಿಲ್ಲ, ಮಾನ್ಯರೇ.

ಮರುದಿನವೇ ತಮ್ಮ ಬಾಗಿಲಿಗೆ ಬಂದೆವು. ಗುಮಾಸ್ತರು ಕೆಟ್ಟವರಲ್ಲ. ಕುಡಿಯಲು ನೀರು ಕೊಟ್ಟು, ಗೋಡೆಯ ಮೇಲಿದ್ದ ನಿಯಮ ತೋರಿಸಿದರು. "ಮೂರು ದಿನ ಏನೂ ತಗೊಳ್ದೆ ಇರ್ಬೇಕಮ್ಮ. ಆಮೇಲೆ ದಾಖಲು ಮಾಡ್ಕೋತೀವಿ."

"ಮೂರು ದಿನ ಬಿಟ್ಟಿರೋಕಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ವಿ?" ಎಂದು ಕೇಳಿದೆ.

"ರೂಲ್ಸ್ ಮಾಡಿದ್ದು ನಾನಲ್ಲವಲ್ಲ."

ನಿಜ, ಮಾಡಿದವರು ತಾವು. ಮುಳುಗುತ್ತಿರುವವರು ದಡಕ್ಕೆ ಬಂದು ಮೈ ಒರೆಸಿಕೊಂಡ ಮೇಲಷ್ಟೇ ಹಗ್ಗ ಎಸೆಯುವ ಈ ಏರ್ಪಾಡು ಯಾವ ಸಭೆಯಲ್ಲಿ ತೀರ್ಮಾನವಾಯಿತು? ಆ ಸಭೆಯಲ್ಲಿ ಒಬ್ಬರಾದರೂ ವೈದ್ಯರು ಇದ್ದರೇ?

ನಾವು ಕಾನೂನಿಗೆ ತಲೆಬಾಗುವ ಪ್ರಜೆಗಳು. ಸೀಸೆಯಲ್ಲಿ ಉಳಿದಿದ್ದನ್ನು ನಾನೇ ಸಿಂಕಿಗೆ ಸುರಿದೆ. ಮೊದಲ ಸಂಜೆ ಬೆವರು, ನಡುಕ. ಎರಡನೆಯ ಮಧ್ಯಾಹ್ನ, ಗೋಡೆಯಲ್ಲಿ ಕೂದಲು ಬೆಳೆಯುತ್ತಿದೆಯೆಂದು ಬಾಚತೊಡಗಿದಳು. "ನೀನ್ಯಾರು? ನಮ್ಮಕ್ಕನ್ನ ಎಲ್ಲಿಟ್ಟಿದ್ದೀಯ?" ಎಂದು ನನ್ನನ್ನೇ ಕೇಳಿದಳು. ಸಂಜೆಗೆ ಫಿಟ್ಸ್. ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಯಂತ್ರದ ಉಸಿರು. ಅಲ್ಲಿನ ವೈದ್ಯೆ ಗದರಿದರು: "ಇದನ್ನ ಒಮ್ಮೆಲೇ ನಿಲ್ಲಿಸಿದ್ರೆ ಜೀವಾನೇ ಹೋಗಬಹುದು. ಆಸ್ಪತ್ರೇಲಿಟ್ಟು, ಔಷಧಿ ಕೊಡ್ತಾ ಬಿಡಿಸ್ಬೇಕು. ಮನೇಲಿ ನಿಲ್ಲಿಸಿ ಅಂತ ಯಾರು ಹೇಳಿದ್ದು?" ವ್ಯಸನ ಬಿಡಿಸುವ ಕಚೇರಿಯೇ ಹೇಳಿತೆನ್ನಲು ನನಗೇ ನಾಚಿಕೆಯಾಯಿತು.

ಬದುಕಿದಳು. ಮಂಚ ಬೇರೆಯವರಿಗೆ ಬೇಕಾಗಿ ಮನೆಗೆ ಕಳಿಸಿದರು. ಮುಂದಿನ ಚಿಕಿತ್ಸೆ ತಮ್ಮ ಕೇಂದ್ರದಲ್ಲೇ ಎಂದರು. ತಮ್ಮ ಸರದಿಪಟ್ಟಿ ಐದು ತಿಂಗಳು ಉದ್ದವಿತ್ತು. ನಿದ್ದೆಯಿಲ್ಲದೆ, ಎದೆಯೊಳಗಿನ ಭಯ ತಾಳಲಾರದೆ ಮೂರನೆಯ ವಾರ ಮತ್ತೆ ಕುಡಿದಳು. ಸ್ವಲ್ಪ ದಿನಕ್ಕೇ ಮತ್ತದೇ ಎರಡು ಗಂಟೆಗೊಮ್ಮೆ. ಮೊನ್ನೆ ಕೊನೆಗೂ ಸರದಿ ಬಂತು. ಚೀಟಿಯಲ್ಲಿ ಏನು ಬರೆದಿತ್ತು ಗೊತ್ತೆ? ಅದೇ ನಿಯಮ: ಮೂರು ದಿನ ಬಿಟ್ಟು ಬನ್ನಿ.

ಹಾಗಾಗಿ ಈಗ ನಾನೇ ಅವಳಿಗೆ ಆ ದ್ರವ ಅಳೆದು ಕೊಡುತ್ತಿದ್ದೇನೆ. ಶಾಲಾ ಸಮವಸ್ತ್ರ ಹೊಲಿದು ಬದುಕುವವಳು ನಾನು. ಎರಡು ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ ಏಳುತ್ತೇನೆ. ಹೆಚ್ಚಾದರೆ ಅವಳ ಉಸಿರು ನಿಲ್ಲಬಹುದು, ತಡವಾದರೆ ಮತ್ತೆ ಫಿಟ್ಸ್. ಇದು ಅಪರಾಧವೆಂದು ಬಲ್ಲೆ. ಪೊಲೀಸರನ್ನು ಕಳುಹಿಸುವುದಾದರೆ ಕಳುಹಿಸಿ. ಆದರೆ ನನ್ನನ್ನು ಕರೆದೊಯ್ದ ಎರಡು ಗಂಟೆಯ ನಂತರ ಅವಳ ಗತಿಯೇನೆಂಬುದನ್ನೂ ಅದೇ ಆದೇಶದಲ್ಲಿ ಬರೆದುಕೊಡಿ.

ಕೇಳುವುದಿಷ್ಟೇ. ಆ ನಿಯಮವನ್ನು ಗೋಡೆಯಿಂದ ಕಿತ್ತುಹಾಕಿ. ವೈದ್ಯರ ಕಣ್ಗಾವಲಿನಲ್ಲಿ ಒಂದು ಮಂಚ ಕೊಡಿ. ಅವಳು ಈಗ ಹೇಗಿದ್ದಾಳೋ ಹಾಗೆಯೇ ಸೇರಿಸಿಕೊಳ್ಳಿ, ಇವತ್ತೇ.

ನಿನ್ನೆ ಲೋಟ ತೆಗೆದುಕೊಳ್ಳುತ್ತ ಕೇಳಿದಳು: "ಅಕ್ಕ, ನಿನ್ನ ಕೈ ನಡುಗ್ತಿದೆ. ಅಳತೆ ಸರಿ ಇದೆಯಾ?"

"ಇದೆ, ಕುಡಿ" ಎಂದೆ. ನನಗೆ ಖಾತ್ರಿಯಿರಲಿಲ್ಲ.

ಇಂತಿ,
ತಮ್ಮ ಕೇಂದ್ರದ ಕೆಲಸವನ್ನು ಅಡುಗೆಮನೆಯಲ್ಲಿ ಮಾಡುತ್ತಿರುವ
ಒಬ್ಬ ಅಕ್ಕ