ಕರಡಿ ಬರಲು ಹೊತ್ತು ಹಿಡಿಯಿತು

ಪ್ರೀತಿಯ ಅಳಿಯಂದಿರಿಗೆ,

ಫೋನಿನಲ್ಲೇ ಹೇಳಬಹುದಿತ್ತಲ್ಲ ಮಾವ ಎಂದು ನೀವು ಅಂದುಕೊಳ್ಳಬಹುದು. ನನ್ನ ತೊದಲು ನಿಮಗೆ ಗೊತ್ತೇ ಇದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಬಸ್ಸು ಎರಡು ಟ್ರಿಪ್ಪು ಹೊಡೆದಿರುತ್ತದೆ. ಅದಕ್ಕೇ ಈ ಕಾಗದ.

ಹೋದ ಭಾನುವಾರ ನಿಮ್ಮ ಮನೆಗೆ ಬಂದಿದ್ದೆವಲ್ಲ, ಮೊಮ್ಮಗಳು ಚಿನ್ನು ಒಂದು ಚಿತ್ರದ ಪುಸ್ತಕವನ್ನು ಎದೆಗವಚಿಕೊಂಡು ಪುಟುಪುಟು ನಡೆದು ನಿಮ್ಮ ಹತ್ತಿರ ಬಂದಳು. ನೀವು ಅವಳನ್ನು ಎತ್ತಿ ಮುದ್ದಿಸಿ, "ಅಮ್ಮನ ಹತ್ರ ಹೋಗು ಕಂದ, ಅಮ್ಮ ಚೆನ್ನಾಗಿ ಓದ್ತಾಳೆ" ಎಂದು ಕಳಿಸಿ, ಆಗಷ್ಟೇ ಒರೆಸಿಟ್ಟಿದ್ದ ಬೈಕನ್ನು ಮತ್ತೆ ಒರೆಸಲು ಹೋದಿರಿ. ಬೇರೆ ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ನಿಮ್ಮನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಹಾಗೆ ಎದ್ದುಹೋಗುವುದರಲ್ಲಿ ನಾನು ನಿಮಗಿಂತ ಪಳಗಿದವನು.

ಹಳೆಯ ಮಾತು; ನಿಮ್ಮ ಹೆಂಡತಿಗೆ ಆಗ ಮೂರು ವರ್ಷ. ನಿಮ್ಮತ್ತೆ ಆಸ್ಪತ್ರೆಯಲ್ಲಿ ನರ್ಸು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದೆ. ಮಿಷನ್ನುಗಳು ನಮ್ಮನ್ನು ಮಾತಿಗೆಳೆಯುವುದಿಲ್ಲ. ನಾನು ಆ ಕೆಲಸ ಹಿಡಿದದ್ದೇ ಅದಕ್ಕೆ. ಗಿರಾಕಿ ಬಂದರೂ ಕತ್ತು ಆಡಿಸಿಯೇ ಉತ್ತರ. ಸಂಜೆ ನಿಮ್ಮತ್ತೆ ಡ್ಯೂಟಿ ಮುಗಿಸಿ ಬಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಸ್ತಕ ಓದುತ್ತಿದ್ದಳು. ಗೋಡೆಯ ಈಚೆ ಕೂತು ಬಾಬಿನ್ ಬಿಚ್ಚುತ್ತಾ ನಾನೂ ಕೇಳುತ್ತಿದ್ದೆ.

ಹೀಗಿರುವಾಗ ನಿಮ್ಮತ್ತೆಯ ಗಂಟಲಲ್ಲಿ ಸಣ್ಣ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಮೂರು ವಾರ ಪಿಸುಮಾತೂ ಆಡಕೂಡದು ಎಂದರು ಡಾಕ್ಟರು. ಕೊರಳಿಗೊಂದು ಸ್ಲೇಟು ನೇತುಹಾಕಿಕೊಂಡು ಓಡಾಡಿದಳು.

ಮೊದಲ ದಿನ ಮಗಳು ಪುಸ್ತಕ ತಂದು ನನ್ನ ಮುಂದೆ ನಿಂತಳು. "ಅಪ್ಪ, ನೀನು ಓದು." ನಾನು ಮಿಷನ್ ಕಡೆ ಕೈ ತೋರಿಸಿ ತಲೆಯಾಡಿಸಿದೆ. ಮರುದಿನವೂ ಅದೇ. ಮೂರನೆಯ ದಿನ ಅವಳು ಬರಲೇ ಇಲ್ಲ. ಒಳಗೆ ಇಣುಕಿದರೆ, ಕಿಟಕಿಯ ಕೆಳಗೆ ಕೂತು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ತುಟಿ ಮಾತ್ರ ಆಡಿಸುತ್ತಿದ್ದಳು, ದನಿಯಿಲ್ಲ. ಅಮ್ಮನೂ ಮಾತಾಡುವುದಿಲ್ಲ, ಅಪ್ಪನೂ ಮಾತಾಡುವುದಿಲ್ಲ. ಈ ಮನೆಯಲ್ಲಿ ಮಾತಾಡಬಾರದು ಎಂದುಕೊಂಡಿತ್ತೋ ಏನೋ ಮಗು.

ಅದನ್ನು ನೋಡಿಯೂ ನನಗೆ ಓದುವ ಧೈರ್ಯ ಬರಲಿಲ್ಲ. ನಮ್ಮಮ್ಮ ಒಮ್ಮೆ, "ಮಗೂ ಮುಂದೆ ಜಾಸ್ತಿ ಮಾತಾಡ್ಬೇಡಪ್ಪ, ನಿನ್ನ ತೊದಲು ಅದಕ್ಕೂ ಅಂಟ್ಕೊಂಡ್ರೆ?" ಎಂದಿದ್ದಳು. ಆ ಹೆದರಿಕೆ ನನ್ನೊಳಗೆ ಬೇರುಬಿಟ್ಟಿತ್ತು. ನಿಮ್ಮತ್ತೆಯ ಸ್ಲೇಟು ಇಸಿದುಕೊಂಡು ಅದನ್ನೇ ಬರೆದು ತೋರಿಸಿದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿಹಾಕಿ ಬರೆದಳು: "ಡಾಕ್ಟರನ್ನ ಕೇಳಿದೀನಿ. ಅಂಟೋದಿಲ್ಲ. ಸುಮ್ನೆ ಹೋಗಿ ಓದಿ." ಕೊನೆಯ ಪದದ ಕೆಳಗೆ ಎರಡು ಗೆರೆ.

ಹೋಗಿ ಕೂತೆ. ನೆಗಡಿಯಾದ ಕರಡಿಯ ಕಥೆ. ಹುಟ್ಟಿದಾಗಿನಿಂದ ನನಗೆ ಆಗಿಬರದ ಅಕ್ಷರ ‘ಕ’; ಆ ಪುಸ್ತಕದ ಮೊದಲ ಪದವೇ ಕರಡಿ! "ಕ... ಕ... ಕ..." ಎನ್ನುತ್ತಲೇ ದವಡೆ ಬಿಗಿದುಕೊಂಡಿತು. ಬೆವರಿದೆ. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಇನ್ನೇನು ನಗುತ್ತಾಳೆ ಎಂದುಕೊಂಡೆ. ಅವಳು ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟು, "ಕರಡಿ ಬರ್ತಾ ಇದೆ. ನಿಧಾನಕ್ಕೆ ಬರ್ಲಿ ಅಪ್ಪ" ಎಂದಳು.

ಬಂತು ಕರಡಿ. ಎಂಟು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಮುಗಿಸಿ ತಲೆಯೆತ್ತಿದರೆ, ಬಾಗಿಲಲ್ಲಿ ನಿಮ್ಮತ್ತೆ ಸ್ಲೇಟಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಮಗಳು ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿ ನನ್ನ ಕೈಗಿಟ್ಟಳು.

ನನ್ನ ತೊದಲು ಹೋಯಿತು ಎಂದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಮಗಳಿಗೂ ಅಂಟಲಿಲ್ಲ, ಅವಳು ಮಾತಿಗೆ ಕೂತರೆ ಹೇಗೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ! ಅಂದಿನಿಂದ ಅವಳು ನನ್ನ ಪಕ್ಕ ಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಕೂತು, ಬೀದಿಯ ನಾಯಿಯಿಂದ ಹಿಡಿದು ಎಲ್ಲವನ್ನೂ ಹೇಳತೊಡಗಿದಳು. ಅಮ್ಮನಿಗೆ ದನಿ ಬಂದ ಮೇಲೂ ಕರಡಿಯ ಪುಸ್ತಕ ಮಾತ್ರ ಅಮ್ಮ ಮುಟ್ಟಕೂಡದು ಎಂದು ಮಗಳ ಅಪ್ಪಣೆಯಾಯಿತು. "ನಿಂಗೆ ಬರಲ್ಲಮ್ಮ, ನೀನು ಬೇಗ ಬೇಗ ಓದ್ತೀಯ." ನಿಮ್ಮತ್ತೆಗೆ ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ನೀವು ಆರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅಕ್ಷರ ಕೂಡಿಸಿ ಓದಬೇಕು, ಟೀಚರ್ ಹೆಂಡತಿಯ ಮುಂದೆ ನಾಚಿಕೆ. ಯಾರೂ ಹೇಳಿದ್ದಲ್ಲ, ನನ್ನ ಊಹೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಚಿನ್ನು ಟೀಚರಲ್ಲ. ಬೆರಳಿಟ್ಟು ಓದಿ, ತಡವರಿಸಿ, ತಪ್ಪೇ ಓದಿ. ಒಂದೂವರೆ ವರ್ಷದ ಕೂಸಿಗೆ ಬೇಕಿರುವುದು ಅಪ್ಪನ ತೊಡೆ, ತನ್ನ ಬೆನ್ನಿಗೆ ತಾಗುವ ಅವನ ಎದೆಯ ದನಿ. ಕೆಲಸದಿಂದ ಬಂದು ಹತ್ತು ನಿಮಿಷ ಕೂತರೆ ಸಾಕು. ಆದರೆ ದಿನವೂ.

ಇದನ್ನು ಬೇಕೆಂದೇ ನಿಮ್ಮ ಡಿಪೋದ ವಿಳಾಸಕ್ಕೆ ಹಾಕುತ್ತಿದ್ದೇನೆ, ಮನೆಯಲ್ಲಿ ಮಗಳು ಓದಿ ಹೇಳಬಾರದೆಂದು. ನೀವೇ ಓದಿಕೊಂಡು ಇಲ್ಲಿಯವರೆಗೆ ಬಂದಿದ್ದೀರಿ. ಮಾವನ ಇಷ್ಟುದ್ದದ ಪುರಾಣ ದಾಟಿದವರಿಗೆ ಪುಟಕ್ಕೆರಡು ಸಾಲಿನ ಪುಸ್ತಕ ಯಾವ ಮಹಾ?

ಬಾಗಿಲಲ್ಲಿ ನಿಮ್ಮ ಚಪ್ಪಲಿಯ ಸದ್ದು ಕೇಳುತ್ತಲೇ ಚಿನ್ನು ಪುಸ್ತಕ ಹುಡುಕಿಕೊಂಡು ಓಡಿಬರುವಂತಾಗಲಿ. ಮೂವರೂ ನಗುನಗುತ್ತಾ ಇರಿ.

ಇಂತಿ, ನಿಮ್ಮನ್ನು ಮಗನಂತೆ ಕಾಣುವ
ಮಾವ